ಹವಾಮಾನ ವರದಿಯ ‘ಮಳೆ’ಯನ್ನು ಓದುವ ಕ್ರಮ

‘ಮುಂದಿನ 24 ಗಂಟೆಗಳಲ್ಲಿ ದಕ್ಷಿಣ ಒಳನಾಡಿನ ಕೆಲವು ಕಡೆಗಳಲ್ಲಿ ಗುಡುಗು ಸಹಿತ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ. ಕೊಡಗು ಜಿಲ್ಲೆಯ ಒಂದೆರಡು ಕಡೆಗಳಲ್ಲಿ ಭಾರೀ ಮಳೆಯಾಗಬಹುದು.’

ಇಂಥ ವಾಕ್ಯವನ್ನು ರೇಡಿಯೊದಲ್ಲಿ ಕೇಳದವರಿಲ್ಲ, ಪತ್ರಿಕೆಯಲ್ಲಿ ಓದದವರಿಲ್ಲ. ಆದರೆ ಹೆಚ್ಚಿನವರ ಕಿವಿಗೆ ಬೀಳುವುದು ‘ಮಳೆ’ ಎಂಬ ಪದ ಮಾತ್ರ. ಅಂಗಳದಲ್ಲಿ ಹರವಿದ ಅಡಿಕೆಯನ್ನು ಒಳಗೆ ತುಂಬುತ್ತಾರೆ. ಸಂಜೆಯವರೆಗೂ ಹನಿ ಬೀಳದಿದ್ದರೆ ಹವಾಮಾನ ಇಲಾಖೆ ಸುಳ್ಳು ಹೇಳಿತು ಎನ್ನುತ್ತಾರೆ. ಆ ವಾಕ್ಯದ ‘ಕೆಲವು ಕಡೆ’, ‘ಒಂದೆರಡು ಕಡೆ’, ‘ಸಾಧಾರಣ’, ‘ಭಾರೀ’ ಇವೆಲ್ಲ ಅಲಂಕಾರಕ್ಕೆ ಸೇರಿಸಿದ ಮಾತುಗಳಲ್ಲ. ಒಂದೊಂದಕ್ಕೂ ಭಾರತೀಯ ಹವಾಮಾನ ಇಲಾಖೆ ಅಳತೆ ಗೊತ್ತುಮಾಡಿದೆ. ಆ ಅಳತೆ ತಿಳಿದರೆ ಅದೇ ಎರಡು ಸಾಲಿನಿಂದ ಕೆಲಸಕ್ಕೆ ಬರುವ ಎಷ್ಟೋ ವಿಷಯ ಸಿಗುತ್ತದೆ. ಓದುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇನೆ.

ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ಗೊತ್ತುಮಾಡಿಕೊಳ್ಳಿ

ವರದಿ ತೆರೆಯುವ ಮುನ್ನವೇ ಮಾಡಬೇಕಾದ ಕೆಲಸ ಇದು. ಮಳೆಯ ಬಗ್ಗೆ ಎಲ್ಲರಿಗೂ ಬೇಕಾದ ಮಾಹಿತಿ ಒಂದೇ ಅಲ್ಲ. ಅಡಿಕೆ ಗೊನೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವವರಿಗೆ ಮಳೆಯ ಪ್ರಮಾಣ ಮುಖ್ಯವಲ್ಲ. ದ್ರಾವಣ ಒಣಗುವ ಮೊದಲು ಸಣ್ಣ ಮಳೆ ಬಂದರೂ ಕೆಲಸ ಕೆಡುತ್ತದೆ. ಅವರು ಕೇಳಬೇಕಾದದ್ದು ‘ಮಳೆ ಬರುವುದು ಎಷ್ಟು ಖಚಿತ, ಯಾವ ಹೊತ್ತಿಗೆ’ ಎಂದು. ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಜಿಟಿಜಿಟಿ ಮಳೆ ಲೆಕ್ಕಕ್ಕಿಲ್ಲ, ಪ್ರಮಾಣವೇ ಎಲ್ಲ. ಮನೆಗೆ ಮೋಲ್ಡ್ ಹಾಕಿಸುವವರಿಗೆ ಕಾಂಕ್ರೀಟು ಬಿದ್ದ ಮೊದಲ ಕೆಲವು ಗಂಟೆಗಳ ಚಿಂತೆ. ಹೊಲದಲ್ಲಿ ಕೆಲಸ ಮಾಡುವವರಿಗೆ ಮಳೆಗಿಂತ ಸಿಡಿಲು ದೊಡ್ಡದು. ಪ್ರಶ್ನೆ ಸ್ಪಷ್ಟವಾದರೆ ವಾಕ್ಯದಲ್ಲಿ ಯಾವ ಪದವನ್ನು ಹುಡುಕಬೇಕೆಂಬುದೂ ಸ್ಪಷ್ಟವಾಗುತ್ತದೆ.

ನಿಮ್ಮ ಊರು ಯಾವ ವಿಭಾಗದಲ್ಲಿದೆ?

ಹವಾಮಾನ ಇಲಾಖೆಗೆ ಕರ್ನಾಟಕವೆಂದರೆ ಮೂರು ಉಪವಿಭಾಗ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಕರಾವಳಿಯಲ್ಲಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರೇ ಜಿಲ್ಲೆಗಳು. ಮಲೆನಾಡಿಗೆ ಪ್ರತ್ಯೇಕ ವಿಭಾಗವಿಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಹಾಸನಗಳು ಕೋಲಾರ, ಚಿತ್ರದುರ್ಗಗಳ ಜೊತೆಗೇ ದಕ್ಷಿಣ ಒಳನಾಡಿಗೆ ಸೇರುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಕಾಣುವ ಆಗುಂಬೆ, ಐನೂರರ ಆಸುಪಾಸಿನಲ್ಲಿ ನಿಲ್ಲುವ ಚಳ್ಳಕೆರೆ ಎರಡೂ ಒಂದೇ ವಿಭಾಗದಲ್ಲಿವೆ. ಉತ್ತರ ಒಳನಾಡಿನ ಕತೆಯೂ ಅದೇ: ಖಾನಾಪುರದ ಕಾಡಂಚಿಗೂ ಅಥಣಿಯ ಬಯಲಿಗೂ ಒಂದೇ ಹೆಸರು, ಒಂದೇ ಬೆಳಗಾವಿ ಜಿಲ್ಲೆ.

ಆದ್ದರಿಂದ ವಿಭಾಗದ ಸಾಲನ್ನು ಓದಿ ಅಲ್ಲಿಗೇ ನಿಲ್ಲಬೇಡಿ. ಅದರ ಕೆಳಗೆ ಜಿಲ್ಲಾವಾರು ಸಾಲು ಇರುತ್ತದೆ, ಅದನ್ನು ನೋಡಿ. ಸುದ್ದಿವಾಹಿನಿಗಳು ‘ರಾಜ್ಯದಲ್ಲಿ ಭಾರೀ ಮಳೆ’ ಎಂದು ಶೀರ್ಷಿಕೆ ಕೊಟ್ಟಾಗ ಮೂಲ ವರದಿಯಲ್ಲಿ ಮೂರು ನಾಲ್ಕು ಜಿಲ್ಲೆಗಳ ಹೆಸರಷ್ಟೇ ಇರುವುದು ಬಹಳ ಸಾಮಾನ್ಯ. ಇಲಾಖೆಯ ಜಾಲತಾಣದಲ್ಲಿ, ‘ಮೌಸಮ್’ ಆ್ಯಪ್‌ನಲ್ಲಿ ಮೂಲವನ್ನೇ ಓದಬಹುದು. ರೈತರಿಗಾಗಿ ‘ಮೇಘದೂತ್’ ಆ್ಯಪ್ ಇದೆ.

ಹವಾಮಾನದ ದಿನ ಬೆಳಿಗ್ಗೆ 8.30ಕ್ಕೆ ಶುರು

ದೇಶದ ಮಳೆಮಾಪನ ಕೇಂದ್ರಗಳಲ್ಲಿ ದಿನದ ಮಳೆಯನ್ನು ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಇಂದಿನ ಅಂಕಿ ಎಂದರೆ ನಿನ್ನೆ ಎಂಟೂವರೆಯಿಂದ ಇಂದು ಎಂಟೂವರೆಯವರೆಗೆ ಬಿದ್ದದ್ದು. ಮಂಗಳವಾರ ರಾತ್ರಿ ಸುರಿದ ಮಳೆ ಬುಧವಾರದ ಲೆಕ್ಕದಲ್ಲಿ ಕಾಣಿಸುವುದು ಹೀಗೆ. ‘ನಮ್ಮಲ್ಲಿ ಬುಧವಾರ ಹನಿಯೂ ಬಿದ್ದಿಲ್ಲ, ಪಟ್ಟಿಯಲ್ಲಿ 40 ಮಿ.ಮೀ. ಇದೆ’ ಎಂಬ ತಕರಾರುಗಳಲ್ಲಿ ಅನೇಕವು ಇಲ್ಲಿಗೇ ಬಗೆಹರಿಯುತ್ತವೆ. ಮುನ್ಸೂಚನೆಯ ‘ಮುಂದಿನ 24 ಗಂಟೆ’ಯನ್ನು ಓದುವಾಗಲೂ ವರದಿ ಹೊರಟ ಹೊತ್ತನ್ನು ಮೊದಲು ನೋಡಿ. ನಿನ್ನೆ ಮಧ್ಯಾಹ್ನದ ವರದಿಯನ್ನು ಇಂದು ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಓದುವವರಿಗೆ ಅದರಲ್ಲಿ ಉಳಿದಿರುವುದು ಕೆಲವೇ ಗಂಟೆಗಳು.

‘ಕೆಲವು’, ‘ಹಲವು’, ‘ಒಂದೆರಡು’: ಹರವಿನ ಅಳತೆ

ನನ್ನ ಮಟ್ಟಿಗೆ ಇಡೀ ವಾಕ್ಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದ ಪದಗಳು ಇವು. ಒಂದು ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಎಷ್ಟು ಕಡೆ ಮಳೆಯಾಗುತ್ತದೆ ಎಂಬುದನ್ನು ಅವು ಹೇಳುತ್ತವೆ. ‘ಒಂದೆರಡು ಕಡೆ’ ಎಂದರೆ ಶೇ 25ರವರೆಗೆ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50. ‘ಹಲವು ಕಡೆ’ ಎಂದರೆ ಶೇ 51ರಿಂದ 75. ‘ಬಹುತೇಕ ಎಲ್ಲ ಕಡೆ’ ಎಂದರೆ ಶೇ 76 ಮತ್ತು ಅದಕ್ಕೂ ಹೆಚ್ಚು.

‘ಕೆಲವು ಕಡೆ ಮಳೆ’ ಎಂಬ ಮುನ್ಸೂಚನೆ ಸಂಪೂರ್ಣ ನಿಜವಾದ ದಿನವೂ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡೆ ನೆಲ ಒಣಗಿಯೇ ಇರುತ್ತದೆ ಎಂದಾಯಿತು. ನಿಮ್ಮೂರು ಆ ಒಣ ಅರ್ಧದಲ್ಲಿದ್ದರೆ ಮುನ್ಸೂಚನೆ ತಪ್ಪಿದಂತಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಂತೂ ಒಂದು ಹೋಬಳಿಯನ್ನು ತೋಯಿಸಿ ಪಕ್ಕದ ಹೋಬಳಿಯನ್ನು ಬಿಟ್ಟು ಹೋಗುವಂಥದ್ದು. ದೊಡ್ಡ ಮಳೆಯೂ ಇದಕ್ಕೆ ಹೊರತಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ದಾಖಲಾಯಿತು, ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಸುಮಾರು 73 ಮಿ.ಮೀ. ಮಾತ್ರ.

ಒಂದು ಎಚ್ಚರಿಕೆ ಹೇಳಬೇಕು. ಪತ್ರಿಕೆಯ ಭಾಷೆಯಲ್ಲಿ ‘ಕೆಲವೆಡೆ’, ‘ಹಲವೆಡೆ’, ‘ವಿವಿಧೆಡೆ’ ಇವು ಒಂದರ ಬದಲು ಇನ್ನೊಂದು ಬಂದುಬಿಡುತ್ತವೆ. ಶಬ್ದ ಮರುಕಳಿಸದಿರಲಿ ಎಂದು ಬರಹಗಾರರು ಬದಲಿಸುತ್ತಾರೆ. ಸುದ್ದಿಮನೆಯ ಗೆಳೆಯರಲ್ಲಿ ನನ್ನ ಮನವಿ ಇಷ್ಟೇ: ಇಲ್ಲಿ ಮಾತ್ರ ಮೂಲದ ಪದವನ್ನು ಹಾಗೆಯೇ ಉಳಿಸಿ, ವಾಕ್ಯ ಸಪ್ಪೆಯಾದರೂ ಪರವಾಗಿಲ್ಲ.

ಹಗುರ, ಸಾಧಾರಣ, ಭಾರೀ: ಪ್ರಮಾಣ

ಮಿಲಿಮೀಟರ್ ಎಂದರೆ ಏನೆಂದು ಮೊದಲು ಮನಸ್ಸಿಗೆ ತಂದುಕೊಳ್ಳಿ. ಬಿದ್ದ ನೀರು ಇಂಗದೆ, ಹರಿಯದೆ, ಆವಿಯಾಗದೆ ನೆಲದ ಮೇಲೆ ನಿಂತಿದ್ದರೆ ಅದರ ಎತ್ತರ ಎಷ್ಟಾಗುತ್ತಿತ್ತೋ ಅದೇ ಮಳೆಯ ಪ್ರಮಾಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಸರಿಯಾಗಿ ಒಂದು ಲೀಟರ್ ನೀರು. ಈ ಲೆಕ್ಕವೊಂದು ನೆನಪಿದ್ದರೆ ಸಾಕು. 30x40 ಅಡಿಯ ತಾರಸಿಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಎರಡು ಸಾವಿರ ಲೀಟರ್ ದಾಟುತ್ತದೆ. ಒಂದು ಎಕರೆಗೆ 25 ಮಿ.ಮೀ. ಎಂದರೆ ಒಂದು ಲಕ್ಷ ಲೀಟರ್. ಮಳೆಕೊಯ್ಲಿನ ತೊಟ್ಟಿ ಕಟ್ಟಿಸುವವರೂ ಕೃಷಿಹೊಂಡ ತೆಗೆಸುವವರೂ ಇದರಿಂದಲೇ ಲೆಕ್ಕ ಶುರುಮಾಡಬೇಕು.

ಇನ್ನು ವರ್ಗಗಳು. ಎಲ್ಲವೂ 24 ಗಂಟೆಯ ಒಟ್ಟು ಮಳೆಯ ಲೆಕ್ಕ. 2.5ರಿಂದ 15.5 ಮಿ.ಮೀ.ವರೆಗೆ ‘ಹಗುರ’. 15.6ರಿಂದ 64.4ರವರೆಗೆ ‘ಸಾಧಾರಣ’. 64.5ರಿಂದ 115.5ರವರೆಗೆ ‘ಭಾರೀ’. 115.6ರಿಂದ 204.4ರವರೆಗೆ ‘ಅತಿ ಭಾರೀ’. ಅದನ್ನೂ ದಾಟಿದರೆ ‘ಅತ್ಯಧಿಕ ಭಾರೀ’. 2.5 ಮಿ.ಮೀ.ಗಿಂತ ಕಡಿಮೆ ಬಿದ್ದರೆ ಅದು ‘ಅತಿ ಹಗುರ’. ಆ ದಿನವನ್ನು ಲೆಕ್ಕದಲ್ಲಿ ‘ಮಳೆಯ ದಿನ’ ಎಂದೂ ಎಣಿಸುವುದಿಲ್ಲ. ಪ್ರಮುಖ ಊರುಗಳ ಮಳೆಯನ್ನು ಸೆಂಟಿಮೀಟರ್‌ನಲ್ಲಿ ಕೊಟ್ಟಿದ್ದರೆ 7ರಿಂದ 11 ಸೆಂ.ಮೀ. ಭಾರೀ, 12ರಿಂದ 20 ಅತಿ ಭಾರೀ ಎಂದು ಓದಿಕೊಳ್ಳಿ.

ಈ ಪಟ್ಟಿಯಲ್ಲಿ ಎಡವುವುದು ‘ಸಾಧಾರಣ’ ಎಂಬ ಪದದ ಬಳಿ. ಮಾತಿನಲ್ಲಿ ಸಾಧಾರಣ ಎಂದರೆ ಹೇಳಿಕೊಳ್ಳುವಂಥದ್ದೇನಲ್ಲ ಎಂದರ್ಥ. ವರದಿಯ ಸಾಧಾರಣ ಹಾಗಲ್ಲ. 60 ಮಿ.ಮೀ. ಮಳೆಯೂ ಸಾಧಾರಣವೇ, ಆದರೆ ಅದು ಎರಡು ಇಂಚಿಗೂ ಮಿಕ್ಕಿದ ಮಳೆ. ಬಯಲುಸೀಮೆಯ ಹೊಲದಲ್ಲಿ ಅಷ್ಟು ಬಿದ್ದರೆ ಬದುಗಳು ತುಂಬಿ ಹರಿಯುತ್ತವೆ. ಸಾಧಾರಣ ಎಂದು ಕೇಳಿ ಕೊಯ್ದ ರಾಗಿಯನ್ನು ಹೊಲದಲ್ಲೇ ಬಿಡಬೇಡಿ.

ಇನ್ನೊಂದು ವಿಷಯ, ಇದು ನಗರದವರಿಗೆ ಹೆಚ್ಚು ಮುಖ್ಯ. ವರ್ಗ ಹೇಳುವುದು ದಿನದ ಒಟ್ಟು ಮೊತ್ತವನ್ನು, ಸುರಿದ ವೇಗವನ್ನಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ 111.1 ಮಿ.ಮೀ. ಮಳೆಯಾಯಿತು, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 1891ರಿಂದ ಇದ್ದ 101.6 ಮಿ.ಮೀ. ದಾಖಲೆ ಮುರಿಯಿತು. ನೂರಾರು ಮರಗಳು ಉರುಳಿದವು, ರಸ್ತೆಗಳು ಮುಳುಗಿದವು. ಆದರೂ ವರ್ಗದ ಪ್ರಕಾರ ಅದು ‘ಭಾರೀ’ಯೇ, ‘ಅತಿ ಭಾರೀ’ಯ ಗೆರೆ ಮುಟ್ಟಿರಲಿಲ್ಲ. ಅಷ್ಟೇ ಮಳೆ ಜುಲೈನಲ್ಲಿ ಆಗುಂಬೆಗೋ ಕೊಲ್ಲೂರಿಗೋ ದಿನವಿಡೀ ಸುರಿದರೆ ಅಲ್ಲಿನವರು ಕಂಬಳಿ, ಕೊಡೆ ಹಿಡಿದು ತಮ್ಮ ಕೆಲಸಕ್ಕೆ ಹೊರಡುತ್ತಾರೆ. ಅಲ್ಲಿ ಹಳ್ಳ ತೋಡುಗಳಿವೆ, ನೆಲ ಕುಡಿಯುತ್ತದೆ; ಇಲ್ಲಿ ಕಾಂಕ್ರೀಟು, ಕಟ್ಟಿಕೊಂಡ ಚರಂಡಿ, ಒತ್ತುವರಿಯಾದ ರಾಜಕಾಲುವೆ. ಆದ್ದರಿಂದ ವರ್ಗವನ್ನು ಓದಿದ ಮೇಲೆ ‘ನಮ್ಮ ಬೀದಿ ಎಷ್ಟು ತಡೆಯುತ್ತದೆ’ ಎಂಬುದನ್ನು ನೀವೇ ಸೇರಿಸಿಕೊಳ್ಳಬೇಕು.

ಹಾಗೆಯೇ ‘ಮೇಘಸ್ಫೋಟ’. ರಭಸದ ಮಳೆಗೆಲ್ಲ ಈ ಹೆಸರು ಅಂಟಿಸುವ ರೂಢಿ ಬಂದಿದೆ. ಇಲಾಖೆಯ ಅಳತೆಯಲ್ಲಿ ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನಷ್ಟು ಜಾಗದ ಮೇಲೆ ಒಂದು ಗಂಟೆಯಲ್ಲಿ 100 ಮಿ.ಮೀ. ಮಟ್ಟದ ಮಳೆಯಾದರೆ ಮಾತ್ರ ಅದು ಮೇಘಸ್ಫೋಟ. ಅಂಕಿ ಇಲ್ಲದೆ ಈ ಪದ ಬಳಸಿದ ಸುದ್ದಿಯನ್ನು ನಂಬುವ ಮುನ್ನ ಮಳೆಯ ಮೊತ್ತವನ್ನು ಹುಡುಕಿ ನೋಡಿ.

ಕಾಫಿ ಸೀಮೆಯವರ ಲೆಕ್ಕ ಬೇರೆ. ಕೊಡಗು, ಮೂಡಿಗೆರೆ, ಸಕಲೇಶಪುರಗಳ ತೋಟಗಳಲ್ಲಿ ಇಂದಿಗೂ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಹೇಳುತ್ತಾರೆ. ನೂರು ಸೆಂಟ್ ಒಂದು ಇಂಚು, ಅಂದರೆ 25.4 ಮಿ.ಮೀ. ‘ನಮ್ಮಲ್ಲಿ ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟ್ ಆಯಿತು’ ಎಂದರೆ ಸುಮಾರು 30 ಮಿ.ಮೀ. ಇಲಾಖೆಯ ಪಟ್ಟಿಯಲ್ಲಿ ಅದು ಸಾಧಾರಣ ಮಳೆ. ಬೆಳೆಗಾರರಿಗೆ ಆ ವರ್ಷದ ಹೂವೇ ಅದರ ಮೇಲೆ ನಿಂತಿದೆ. ಈ ಭಾಗದಲ್ಲಿ ಎಷ್ಟೋ ಮನೆಗಳು ದಶಕಗಳ ಮಳೆಯ ದಾಖಲೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿವೆ. ಅಂಥ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

‘ಸಾಧ್ಯತೆ’ಯನ್ನು ತೂಗಿ ನೋಡಿ

ಇಲಾಖೆ ಸಾಧ್ಯತೆಗೂ ಮೆಟ್ಟಿಲುಗಳನ್ನು ಇಟ್ಟಿದೆ. ಶೇ 25ರಿಂದ 50 ಇದ್ದರೆ ‘ಸಾಧ್ಯತೆ ಇದೆ’, 50ರಿಂದ 75 ಇದ್ದರೆ ‘ಹೆಚ್ಚು ಸಾಧ್ಯತೆ’, 75 ದಾಟಿದರೆ ‘ಅತಿ ಹೆಚ್ಚು ಸಾಧ್ಯತೆ’ ಎಂಬ ಅರ್ಥದ ಪದಗಳು ಮೂಲ ವರದಿಯಲ್ಲಿರುತ್ತವೆ. ಕನ್ನಡ ಸುದ್ದಿಗೆ ಬರುವಷ್ಟರಲ್ಲಿ ಮೂರೂ ‘ಸಾಧ್ಯತೆ’ ಎಂಬ ಒಂದೇ ಪದವಾಗಿಬಿಡುವುದುಂಟು.

ಮೊಬೈಲ್‌ನಲ್ಲಿ ಕಾಣುವ ‘ಮಳೆ 40%’ ಎಂಬುದನ್ನು ಕೆಲವರು ದಿನದ ಶೇ 40 ಹೊತ್ತು ಮಳೆ ಎಂದುಕೊಳ್ಳುತ್ತಾರೆ, ಕೆಲವರು ಜೋರಿನ ಅಳತೆ ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ಆ ಹೊತ್ತಿನಲ್ಲಿ ಆ ಜಾಗದಲ್ಲಿ ಮಳೆ ಬೀಳುವ ಸಂಭವ ಹತ್ತಕ್ಕೆ ನಾಲ್ಕು ಎಂದಷ್ಟೇ ಅರ್ಥ. ಬಿದ್ದರೆ ನಾಲ್ಕು ಹನಿಯೋ ನಾಲ್ಕು ಇಂಚೋ ಎಂಬುದು ಅದರಲ್ಲಿಲ್ಲ. ಬೋರ್ಡೋ ಸಿಂಪಡಣೆಗೆ 40 ಎಂಬುದು ದೊಡ್ಡ ಅಪಾಯ. ಮದುವೆಗೆ ಚಪ್ಪರ ಹಾಕಿಸುವವರಿಗೆ ತಗಡಿನ ಹೊದಿಕೆಯ ಖರ್ಚು ಮಾಡಲು ಸಾಕಷ್ಟು ಕಾರಣ. ಸಂತೆಗೆ ಹೋಗುವವರಿಗೆ ಒಂದು ಕೊಡೆ ಸಾಕು.

ಬಣ್ಣಗಳು ಮಳೆಯ ಅಳತೆಗೋಲಲ್ಲ

ಹಸಿರು ಎಂದರೆ ಎಚ್ಚರಿಕೆ ಏನೂ ಇಲ್ಲ. ಹಳದಿ ಎಂದರೆ ಗಮನವಿಡಿ, ಹೊಸ ವರದಿಗಳನ್ನು ನೋಡುತ್ತಿರಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕಾರ್ಯಪ್ರವೃತ್ತರಾಗಿ. ‘ಯೆಲ್ಲೋ ಅಲರ್ಟ್ ಎಂದರೆ ಇಷ್ಟು ಮಿಲಿಮೀಟರ್’ ಎಂದು ಹರಿದಾಡುವ ಪಟ್ಟಿಗಳು ಅರ್ಧ ಸತ್ಯ. ಬಣ್ಣ ನಿರ್ಧಾರವಾಗುವುದು ಮಳೆಯಿಂದ ಆಗಬಹುದಾದ ಪರಿಣಾಮ ಎಷ್ಟು, ಅದು ಆಗುವ ಸಂಭವ ಎಷ್ಟು ಎಂಬ ಎರಡನ್ನೂ ಕೂಡಿಸಿ. ನಾಲ್ಕು ದಿನ ಮುಂದಿನ ಭಾರೀ ಮಳೆಗೆ ಇಂದು ಹಳದಿ ಇದ್ದು, ಖಚಿತತೆ ಹೆಚ್ಚಿದಂತೆ ನಾಳೆ ಅದೇ ದಿನಕ್ಕೆ ಕಿತ್ತಳೆ ಬರಬಹುದು. ಮಾತು ಬದಲಾಯಿತೆಂದು ಬೇಸರಿಸದೆ ಹೊಸದನ್ನೇ ಹಿಡಿಯಿರಿ.

ಶಾಲೆಗೆ ರಜೆ ಕೊಡುವುದು ಹವಾಮಾನ ಇಲಾಖೆಯ ಕೆಲಸವಲ್ಲ, ಜಿಲ್ಲಾಡಳಿತದ್ದು. ಬಣ್ಣ ಕೆಂಪಾದ ಮಾತ್ರಕ್ಕೆ ರಜೆ ಎಂದುಕೊಳ್ಳಬೇಡಿ. ರಜೆ ಇಲ್ಲ ಎಂದ ಮಾತ್ರಕ್ಕೆ ತುಂಬಿ ಹರಿಯುವ ಕಾಲುಸಂಕ ದಾಟಿಸಿ ಮಕ್ಕಳನ್ನು ಕಳಿಸಲೂ ಬೇಡಿ.

‘ಗುಡುಗು ಸಹಿತ’ ಎಂದಿದ್ದರೆ ಪ್ರಮಾಣವನ್ನು ಮರೆತುಬಿಡಿ

ಮುಂಗಾರಿಗೆ ಮುಂಚಿನ ಮಾರ್ಚ್‌ನಿಂದ ಮೇವರೆಗೆ, ಮತ್ತೆ ಹಿಂಗಾರಿನ ಅಕ್ಟೋಬರ್‌ನಲ್ಲಿ ಈ ಮಾತು ಹೆಚ್ಚು ಕೇಳುತ್ತದೆ. ‘ಗುಡುಗು ಸಹಿತ ಹಗುರ ಮಳೆ’ ಎಂದಾಗ ‘ಹಗುರ’ ಎಂಬುದೇ ಕಿವಿಯಲ್ಲಿ ಉಳಿದರೆ ಅಪಾಯ. ಸಿಡಿಲು ಬಡಿಯಲು ದೊಡ್ಡ ಮಳೆ ಬೇಕಿಲ್ಲ, ಮೊದಲ ಹನಿ ಬೀಳುವ ಮುನ್ನವೂ ಬಡಿಯಬಹುದು. ಕುರಿ ಮೇಯಿಸುವವರು, ಗದ್ದೆಯಲ್ಲಿರುವವರು, ಮರದಡಿ ನಿಂತವರು ಹೆಚ್ಚಾಗಿ ಬಲಿಯಾಗುತ್ತಾರೆ.

ಇಲ್ಲಿ ದಿನದ ವರದಿಗಿಂತ ಮುಂದಿನ ಮೂರು ಗಂಟೆಗಳಿಗೆ ಕೊಡುವ ತಕ್ಷಣದ ಮುನ್ಸೂಚನೆ ಉಪಯುಕ್ತ. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಸುತ್ತ ಸಿಡಿಲು ಬೀಳುತ್ತಿದೆಯೇ ಎಂದು ತೋರಿಸುತ್ತದೆ. ಮೊಬೈಲ್ ಇಲ್ಲದಿದ್ದರೆ ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ತಕ್ಷಣ ಪಕ್ಕಾ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ಮರದ ಕೆಳಗೆ ನಿಲ್ಲಲೇಬೇಡಿ.

‘ಮುಂಗಾರು ಚುರುಕು’, ‘ಶೇ 30 ಕೊರತೆ’

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಕರಾವಳಿಯಲ್ಲಿ ನೈಋತ್ಯ ಮುಂಗಾರು ಚುರುಕಾಗಿತ್ತು’ ಎಂಬ ಸಾಲು ಬರುತ್ತದೆ. ಇದು ನಡೆದುಹೋದ ದಿನದ ವರದಿ, ಮುಂದಿನದ್ದಲ್ಲ. ಆ ದಿನದ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಿದ್ದರೆ ‘ದುರ್ಬಲ’. ಒಂದೂವರೆ ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಇದ್ದು ಹಲವು ಕಡೆ ಹರಡಿದ್ದರೆ ‘ಚುರುಕು’. ನಾಲ್ಕು ಪಟ್ಟು ದಾಟಿದರೆ ‘ಪ್ರಬಲ’.

ವಾರದ, ತಿಂಗಳ ಪಟ್ಟಿಯಲ್ಲಿ ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆ ಇದ್ದರೂ ಅದನ್ನು ವಾಡಿಕೆ ಮಳೆ ಎಂದೇ ಕರೆಯುತ್ತಾರೆ. ಶೇ 20ರಿಂದ 59 ಕಡಿಮೆಯಾದರೆ ‘ಕೊರತೆ’, ಶೇ 60 ದಾಟಿದರೆ ‘ತೀವ್ರ ಕೊರತೆ’. ಈ ಶೇಕಡಾವಾರನ್ನು ಒಂಟಿಯಾಗಿ ಓದಬೇಡಿ, ವಾಡಿಕೆಯ ಮಿಲಿಮೀಟರನ್ನೂ ಜೊತೆಗೆ ನೋಡಿ. ಜನವರಿಯಲ್ಲಿ ವಾಡಿಕೆ ಮಳೆ ಎರಡು ಮಿ.ಮೀ. ಇರುವ ಜಿಲ್ಲೆಗೆ ಒಂದು ಸಣ್ಣ ಮಳೆ ಬಿದ್ದರೂ ಪಟ್ಟಿ ‘ಶೇ 300 ಹೆಚ್ಚು’ ಎನ್ನುತ್ತದೆ. ತಿಂಗಳ ಮಳೆಯೆಲ್ಲ ಕೊನೆಯ ಮೂರು ದಿನದಲ್ಲಿ ಸುರಿದರೂ ಪಟ್ಟಿಯಲ್ಲಿ ‘ವಾಡಿಕೆ’. ಅಷ್ಟರಲ್ಲಿ ಶೇಂಗಾ ಒಣಗಿರುತ್ತದೆ.

ನಕ್ಷತ್ರದ ಮಳೆಯನ್ನು ಎಲ್ಲಿ ಇಡಬೇಕು?

ಅಶ್ವಿನಿ, ಭರಣಿ, ಕೃತ್ತಿಕಾ, ರೋಹಿಣಿ ಎಂದು ಎಣಿಸುವ ಮಳೆ ನಕ್ಷತ್ರಗಳು ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗಳು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಈ ವರ್ಷ ರೋಹಿಣಿ ಸುರಿಯುತ್ತದೆ ಎನ್ನುವುದಿಲ್ಲ, ಸುರಿದರೆ ಏನಾಗುತ್ತದೆ ಎನ್ನುತ್ತದೆ. ಮೇ 25ರ ಸುಮಾರಿಗೆ ಶುರುವಾಗುವ ಆ ಅವಧಿಯ ಹದ ಬಿತ್ತನೆಗೆ ಎಷ್ಟು ಒಳ್ಳೆಯದೆಂಬ ತಲೆಮಾರುಗಳ ಅನುಭವ ಅದರಲ್ಲಿದೆ. ಜೂನ್ 8ರ ಹೊತ್ತಿಗೆ ಮೃಗಶಿರ ಹುಟ್ಟುವುದಕ್ಕೂ ಮುಂಗಾರು ರಾಜ್ಯಕ್ಕೆ ಕಾಲಿಡುವುದಕ್ಕೂ ಹೊಂದಿಕೆ ಇದೆ. ನಕ್ಷತ್ರವನ್ನು ಬೇಸಾಯದ ಕ್ಯಾಲೆಂಡರಾಗಿ ಇಟ್ಟುಕೊಳ್ಳಿ, ನಾಳೆಯ ಮಳೆಗೆ ಮುನ್ಸೂಚನೆ ನೋಡಿ. ಎರಡನ್ನೂ ಬಳಸುವ ರೈತರು ನನ್ನ ಕಣ್ಣಿಗೆ ಅತ್ಯಂತ ಜಾಣರು.

ನಿಮ್ಮ ಅಂಗಳದ ಮಳೆಯನ್ನು ನೀವೇ ಅಳೆಯಿರಿ

ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ, ಚಪ್ಪಟೆ ತಳದ ಡಬ್ಬಿಯೊಂದು, ಒಂದು ಅಡಿಪಟ್ಟಿ ಸಾಕು. ಡಬ್ಬಿ ಎಷ್ಟು ಅಗಲವಿದ್ದರೂ ನೀರಿನ ಎತ್ತರ ಅದೇ ಬರುತ್ತದೆ. ಬುಡ ಕಿರಿದಾದ ಬಕೆಟ್ ಮಾತ್ರ ಬೇಡ. ಬಾಯಿ ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ, ಗಾಳಿಗೆ ಉರುಳದಂತೆ ಇಟ್ಟಿಗೆ ಕೊಡಿ. ಗೋಡೆ, ಮರಗಳಿಂದ ಅವುಗಳ ಎತ್ತರದ ಎರಡರಷ್ಟು ದೂರವಿದ್ದರೆ ಒಳ್ಳೆಯದು. ಪ್ರತಿದಿನ ಎಂಟೂವರೆಗೆ ಅಳೆದು, ಬರೆದು, ನೀರು ಚೆಲ್ಲಿ ಮತ್ತೆ ಇಡಿ.

ಆ ಅಂಕಿಯನ್ನು ನಿಮ್ಮ ಹತ್ತಿರದ ಮಾಪಕದ ಅಂಕಿಯೊಂದಿಗೆ ಹೋಲಿಸಬಹುದು. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತದೆ. ಅದರ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ ನಾಲ್ಕನ್ನೂ ಹೇಳಿ. ‘ಮಳೆ ಬರುತ್ತದೆಯೇ’ ಎಂದಷ್ಟೇ ಕೇಳದೆ, ‘ನಾಳೆ ಬೆಳಿಗ್ಗೆ ಔಷಧಿ ಹೊಡೆಯಬೇಕು, ಸಂಜೆಯವರೆಗೆ ಬಿಡುವು ಸಿಗುತ್ತದೆಯೇ’ ಎಂದೋ, ‘ನಾಡಿದ್ದು ಒಕ್ಕಣೆ ಇದೆ, ಎಷ್ಟು ಮಿಲಿಮೀಟರ್ ನಿರೀಕ್ಷೆ ಇದೆ’ ಎಂದೋ ಕೇಳಿ.